ಕಣ್ಣು ನಡೆದ ದಾರಿ

ದೊಡ್ಡಬಳ್ಳಾಪುರ ಸಮೀಪದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೊದಲ ವರ್ಷದವರಿಗೆ ‘ಸಿ’ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೇನೆ. ಒಂದರಿಂದ ನಾಲ್ಕರವರೆಗಿನ ಸಂಖ್ಯೆಗಳನ್ನು ಕೂಡಿಸುವ ಪುಟ್ಟ ಪ್ರೋಗ್ರಾಂ ಕೊಟ್ಟು, ಇದರ ಫಲಿತವೇನು ಎಂದು ಕೇಳುವುದು ನನ್ನ ರೂಢಿ. ಸರಿಯುತ್ತರ 10. ಆದರೆ ಕೆಲವರು 2 ಎಂದು ಬರೆಯುತ್ತಾರೆ. ವರ್ಷಗಟ್ಟಲೆ ನಾನು ಅದಕ್ಕೆ ಸೊನ್ನೆ ಹಾಕಿ ಮುಂದಿನ ಹಾಳೆ ತಿರುವಿದ್ದೇನೆ.

ಒಮ್ಮೆ ಹಾಗೆ ಬರೆದ ಹುಡುಗನೊಬ್ಬನನ್ನು ಕರೆದೆ. ಕನ್ನಡ ಮಾಧ್ಯಮದಲ್ಲಿ ಓದಿದವನು, ಮನೆಯಲ್ಲಿ ವಿದ್ಯುತ್ ಮಗ್ಗ. ‘ಏನಪ್ಪಾ, ಈ ಎರಡು ಎಲ್ಲಿಂದ ಬಂತು? ಪೆನ್ಸಿಲ್ ಇಟ್ಟು ತೋರಿಸು’ ಎಂದೆ. ಪೆನ್ಸಿಲ್ ‘ಫಾರ್’ ಸಾಲಿನ ಮೇಲೆ ಎಡದಿಂದ ಬಲಕ್ಕೆ ಸಾಗಿತು: ಆರಂಭದ ಬೆಲೆ 1, ಷರತ್ತು ಸರಿ, ಬೆಲೆಯನ್ನು ಒಂದು ಹೆಚ್ಚಿಸು, ಈಗ 2. ಕೆಳಗಿನ ಸಾಲಿನಲ್ಲಿ ಸೊನ್ನೆಗೆ 2 ಕೂಡಿತು. ಅಲ್ಲಿಂದ ನೇರವಾಗಿ ಕೊನೆಗೆ. ‘ಬರೆದಿರೋ ಹಾಗೇ ಓದಿದೆ ಸಾರ್’ ಎಂದ.

ಅವನು ಹೇಳಿದ್ದು ನಿಜವೇ. ಪಠ್ಯಪುಸ್ತಕವನ್ನು ಓದುವುದು ಹೀಗೆಯೇ ತಾನೆ? ಆದರೆ ಗಣಕಯಂತ್ರ ಅದೇ ಸಾಲನ್ನು ಬೇರೆ ಕ್ರಮದಲ್ಲಿ ನಡೆಸುತ್ತದೆ. ಮೇಲೆ ಬರೆದಿರುವ ‘ಹೆಚ್ಚಿಸು’ ಎಂಬ ಸೂಚನೆ ಜಾರಿಯಾಗುವುದು ಕೆಳಗಿನ ಸಾಲು ಮುಗಿದ ಮೇಲೆ. ಅನಂತರ ಮತ್ತೆ ಷರತ್ತಿನ ಪರೀಕ್ಷೆ, ಮತ್ತೆ ಕೆಳಗೆ. ಓದುವ ಕಣ್ಣು ನಾಲ್ಕು ಬಾರಿ ಮೇಲಕ್ಕೆ ಹತ್ತಬೇಕು. ಅವನ ಕಣ್ಣು ಒಮ್ಮೆಯೂ ಹತ್ತಿರಲಿಲ್ಲ.

ಪೆನ್ಸಿಲ್ ಒರಟಾಗಿ ತೋರಿಸಿದ್ದನ್ನು ಕರಾರುವಾಕ್ಕಾಗಿ ದಾಖಲಿಸುವ ಸಾಧನಗಳಿವೆ. ಕಣ್ಣಿನ ಮೇಲೆ ಬರಿಗಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಚೆಲ್ಲಿ, ಪಾರಪಟಲದಿಂದ ಮರಳುವ ಹೊಳಪನ್ನೂ ಪಾಪೆಯ ಸ್ಥಾನವನ್ನೂ ಕ್ಯಾಮೆರಾದಲ್ಲಿ ಹಿಡಿದು, ನೋಟ ತೆರೆಯ ಯಾವ ಬಿಂದುವಿನಲ್ಲಿದೆ ಎಂದು ಲೆಕ್ಕ ಹಾಕುವ ವಿಧಾನವಿದು. ಓದುವಾಗ ಕಣ್ಣು ಹರಿಯುವುದಿಲ್ಲ, ಜಿಗಿಯುತ್ತದೆ. ಸೆಕೆಂಡಿನ ಕಾಲುಭಾಗದಷ್ಟು ಹೊತ್ತು ಒಂದೆಡೆ ನಿಂತು, ಮತ್ತೆ ಜಿಗಿಯುತ್ತದೆ. ಹವಾಯಿ ವಿಶ್ವವಿದ್ಯಾಲಯದ ಮಾರ್ಥಾ ಕ್ರಾಸ್ಬಿ ಮತ್ತು ಯಾನ್ ಸ್ಟೆಲೋವ್ಸ್ಕಿ 1990ರಷ್ಟು ಹಿಂದೆಯೇ ಈ ಜಿಗಿತಗಳ ಮೂಲಕ ಪ್ರೋಗ್ರಾಂ ಓದನ್ನು ಅಭ್ಯಸಿಸಿದ್ದರು. 2015ರಲ್ಲಿ ತೆರೇಸಾ ಬುಸ್ಯಾನ್ ಮತ್ತು ಸಂಗಡಿಗರು 14 ಮಂದಿ ಹೊಸಬರನ್ನೂ 6 ಮಂದಿ ಪಳಗಿದವರನ್ನೂ ಹೋಲಿಸಿದರು. ಹೊಸಬರು ಸಾಮಾನ್ಯ ಗದ್ಯದಷ್ಟು ನೇರವಾಗಿ ಅಲ್ಲದಿದ್ದರೂ ಬಹುಮಟ್ಟಿಗೆ ಸಾಲಿನ ಕ್ರಮದಲ್ಲೇ ಓದಿದ್ದರು. ಪಳಗಿದವರ ನೋಟ ಆ ಕ್ರಮವನ್ನು ಇನ್ನಷ್ಟು ಬಿಟ್ಟುಕೊಟ್ಟಿತ್ತು. ಇಪ್ಪತ್ತೇ ಜನರ ಅಧ್ಯಯನ, ಒಪ್ಪುತ್ತೇನೆ. ಆದರೂ ನಮ್ಮ ಹುಡುಗನ ಪೆನ್ಸಿಲ್ ನೆನಪಾಯಿತು.

ಅವನ ತಂದೆ ಬಟ್ಟೆಯನ್ನು ಮೊದಲ ಅಂಗುಲದಿಂದ ಓದುವುದಿಲ್ಲ. ಹಾಸಿನ ಎಳೆ ಕಡಿದಲ್ಲಿಗೇ ಕಣ್ಣು ಹೋಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಕಣ್ಣು ಸಾಲಿನ ಮೇಲಿದ್ದ ಮಾತ್ರಕ್ಕೆ ಮನಸ್ಸೂ ಅಲ್ಲಿದೆ ಎನ್ನಲಾಗದು. ಕೋವಿಡ್ ಕಾಲದ ಆನ್‌ಲೈನ್ ಪರೀಕ್ಷೆಗಳಲ್ಲಿ ಕ್ಯಾಮೆರಾ ವಿದ್ಯಾರ್ಥಿಯ ಕಾವಲಿಗೆ ಕುಳಿತದ್ದನ್ನೂ ಕಂಡಿದ್ದೇವೆ. ನೋಟವನ್ನು ಅಳೆದು ಅಂಕ ಕೊಡುವ, ಇಲ್ಲವೇ ಕಳೆಯುವ ಯೋಜನೆ ಯಾರಾದರೂ ತಂದರೆ ನಾನು ವಿರೋಧಿಸುತ್ತೇನೆ. ಇದು ಬೇಕಾಗಿರುವುದು ಮೇಷ್ಟರ ಕಲಿಕೆಗೆ.

ನಮ್ಮಲ್ಲಿ ಅಂಥ ಯಂತ್ರವಿಲ್ಲ. ಮೊದಲ ವಾರದ ಪ್ರಯೋಗಾಲಯದಲ್ಲಿ ಈಗ ಗಣಕಯಂತ್ರ ಚಾಲೂ ಮಾಡಿಸುವುದಿಲ್ಲ. ಅಚ್ಚಾದ ಹಾಳೆ ಮತ್ತು ಪೆನ್ಸಿಲ್ ಕೊಡುತ್ತೇನೆ. 2 ಎಂದು ಬರೆದವರು ಈಗಲೂ ಇದ್ದಾರೆ. ಅವರ ಹಾಳೆಯ ಮೇಲೆ ಸೊನ್ನೆಯ ಬದಲು, ಕೆಳಗಿನ ಸಾಲಿನಿಂದ ಮೇಲಿನ ಸಾಲಿಗೆ ಒಂದು ಬಾಣ ಎಳೆದು ಹಿಂದಿರುಗಿಸುತ್ತೇನೆ.