ಆಹಾರ ವರ್ಜನ ಪರೀಕ್ಷೆಯ ಅವಧಿಯಲ್ಲಿ ಪೊಟ್ಟಣದ ಆಹಾರದ ಪರಿಶೀಲನೆ: ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ



ಊಟದ ನಂತರ ಹೊಟ್ಟೆಯುಬ್ಬರ, ಭೇದಿ ಅಥವಾ ಮೈತುರಿಕೆ ಪದೇ ಪದೇ ಕಾಣಿಸಿಕೊಳ್ಳುವವರಿಗೆ ವೈದ್ಯರು ಕೆಲವೊಮ್ಮೆ ಆಹಾರ ವರ್ಜನ ಪರೀಕ್ಷೆಯನ್ನು ಸೂಚಿಸುತ್ತಾರೆ. ಸಂಶಯಕ್ಕೊಳಗಾದ ಆಹಾರವನ್ನು ಸಾಮಾನ್ಯವಾಗಿ 2ರಿಂದ 6 ವಾರಗಳವರೆಗೆ ಪೂರ್ಣವಾಗಿ ಬಿಟ್ಟು, ತೊಂದರೆ ತಗ್ಗಿದಲ್ಲಿ ಒಂದೊಂದನ್ನೇ ಮರಳಿ ಸೇವಿಸಿ, ಯಾವುದರಿಂದ ತೊಂದರೆ ಮರುಕಳಿಸುತ್ತದೆ ಎಂಬುದನ್ನು ಗುರುತಿಸುವುದು ಇದರ ಕ್ರಮ.

ಕುಡಿಯುವ ನೀರಿನ ಕೊಳವೆಯಲ್ಲಿ ಸೋರಿಕೆ ಪತ್ತೆಹಚ್ಚಲು ನಾವು ಒಂದೊಂದೇ ವಾಲ್ವ್ ಮುಚ್ಚಿ ನೋಡುತ್ತೇವೆ. ವಾಲ್ವ್ ಪೂರ್ತಿ ಮುಚ್ಚದಿದ್ದರೆ ಆ ಪರೀಕ್ಷೆಯಿಂದ ಏನೂ ತಿಳಿಯದು. ವರ್ಜನ ಪರೀಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ. ಗೋಧಿ ಬಿಡಬೇಕೆಂದು ಚಪಾತಿ ನಿಲ್ಲಿಸಿದ ಮನೆಯಲ್ಲಿ ದಿನವೂ ಸಾರಿಗೆ ಹಾಕುವ ಇಂಗಿನಲ್ಲಿಯೇ ಗೋಧಿ ಇರಬಹುದು. ಅಂಗಡಿಯಲ್ಲಿ ದೊರೆಯುವ ಸಂಯುಕ್ತ ಇಂಗು ಶುದ್ಧ ಇಂಗಲ್ಲ. ಅದಕ್ಕೆ ಗೋಂದು ಹಾಗೂ ಗೋಧಿ ಅಥವಾ ಅಕ್ಕಿ ಹಿಟ್ಟು ಬೆರೆತಿರುತ್ತದೆ. ಮೈದಾ, ಉಪ್ಪಿಟ್ಟಿನ ರವೆ, ರಸ್ಕ್, ಹೆಚ್ಚಿನ ಶಾವಿಗೆ ಇವೆಲ್ಲವೂ ಗೋಧಿಯವೇ. ಗೋಧಿ ಬೀಸಿದ ಗಿರಣಿಯಲ್ಲಿ ಬೆನ್ನಲ್ಲೇ ರಾಗಿ ಬೀಸಿದರೆ ಅದರಲ್ಲಿಯೂ ಗೋಧಿ ಹಿಟ್ಟು ಸೇರುತ್ತದೆ. ಇದನ್ನರಿಯದ ಕುಟುಂಬ ವಾರಗಟ್ಟಲೆ ಪಥ್ಯ ಮಾಡಿಯೂ ಗುಣ ಕಾಣದೆ, ತಪ್ಪು ನಿರ್ಣಯಕ್ಕೆ ಬರುತ್ತದೆ.

ಲೇಬಲ್ ಓದುವ ಕ್ರಮ

2020ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಲೇಬಲಿಂಗ್ ಮತ್ತು ಪ್ರದರ್ಶನ) ನಿಯಮಗಳ ಪ್ರಕಾರ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ನಮೂದಿಸತಕ್ಕದ್ದು. ಮುಂಭಾಗದಲ್ಲಿ ರಾಗಿ ಬಿಸ್ಕತ್ತು ಎಂದಿದ್ದು, ಹಿಂಭಾಗದ ಪಟ್ಟಿಯ ಮೊದಲ ಹೆಸರು ಗೋಧಿ ಹಿಟ್ಟಾಗಿದ್ದರೆ, ಅದರಲ್ಲಿ ಹೆಚ್ಚಿರುವುದು ಗೋಧಿಯೇ.

ಗ್ಲುಟೆನ್ ಇರುವ ಧಾನ್ಯಗಳು, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ ವರ್ಗ, ಕಡಲೆಕಾಯಿ ಮತ್ತು ಗೋಡಂಬಿ-ಬಾದಾಮಿಯಂತಹ ಬೀಜಗಳು, ಸೋಯಾ ಹಾಗೂ ಕಿಲೋಗೆ 10 ಮಿ.ಗ್ರಾಂ. ಅಥವಾ ಅದಕ್ಕೂ ಮಿಗಿಲಾದ ಸಲ್ಫೈಟ್ ಇದ್ದಲ್ಲಿ ‘ಕಂಟೇನ್ಸ್’ ಎಂಬ ಪದದೊಡನೆ ಪ್ರತ್ಯೇಕವಾಗಿ ತಿಳಿಸತಕ್ಕದ್ದು. ‘ಮೇ ಕಂಟೇನ್’ ಎಂದಿದ್ದರೆ ತಯಾರಿಕೆಯ ವೇಳೆ ಆ ಪದಾರ್ಥ ಸೋಕಿರುವ ಸಂಭವವಿದೆ ಎಂದರ್ಥ. ಪರೀಕ್ಷೆಯ ಅವಧಿಯಲ್ಲಿ ಅದನ್ನೂ ಬಿಡುವುದು ಲೇಸು.

ಕೆಲವು ಹೆಸರುಗಳ ಅರ್ಥ ಹೀಗಿದೆ:

- ಮಿಲ್ಕ್ ಸಾಲಿಡ್ಸ್, ವೇ, ಕೇಸೀನ್: ಹಾಲಿನ ಅಂಶಗಳು.
- ಸೂಜಿ, ಸೆಮೊಲಿನಾ, ರಿಫೈನ್ಡ್ ವೀಟ್ ಫ್ಲೋರ್: ಗೋಧಿಯ ರವೆ ಅಥವಾ ಮೈದಾ.
- ಮಾಲ್ಟ್: ಸಾಮಾನ್ಯವಾಗಿ ಬಾರ್ಲಿಯದು, ಗ್ಲುಟೆನ್ ಬಿಡುವವರು ಇದನ್ನೂ ಬಿಡಬೇಕು.
- 322: ಲೆಸಿಥಿನ್, ಬಹುಪಾಲು ಸೋಯಾದಿಂದ ಬಂದದ್ದು.
- 220ರಿಂದ 228: ಸಲ್ಫೈಟ್ ವರ್ಗದ ಸಂರಕ್ಷಕಗಳು.

ಹಸಿರು ಚುಕ್ಕೆಯು ಸಸ್ಯಾಹಾರವೆಂಬುದನ್ನಷ್ಟೇ ಸೂಚಿಸುತ್ತದೆ. ಅದರಲ್ಲಿ ಹಾಲು ಇರಬಹುದು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಲೇಬಲ್ ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿದ್ದರೆ ನಿಯಮಕ್ಕೆ ಸಾಕು, ಕನ್ನಡ ಐಚ್ಛಿಕ. ಹೀಗಾಗಿ ಮನೆಯಲ್ಲಿ ಅಡುಗೆಯ ಹೊಣೆ ಹೊತ್ತ ತಾಯಿಗೆ ಆ ಅಕ್ಷರಗಳು ಅನೇಕ ವೇಳೆ ನಿಲುಕುವುದಿಲ್ಲ. ಈ ಕೊರತೆಯನ್ನು ಗ್ರಾಮದ ಮಟ್ಟದಲ್ಲಿ ತುಂಬಲು ಸಾಧ್ಯವಿದೆ.

1. ಮೇಲಿನ ಹೆಸರುಗಳನ್ನು, ಲೇಬಲ್‌ನಲ್ಲಿರುವ ಅಕ್ಷರರೂಪ ಹಾಗೂ ಕನ್ನಡದ ಅರ್ಥದೊಡನೆ ದೊಡ್ಡದಾಗಿ ಬರೆಯಿಸಿ ಅರಿವು ಕೇಂದ್ರ ಮತ್ತು ಅಂಗನವಾಡಿಯಲ್ಲಿ ಪ್ರದರ್ಶಿಸುವುದು.
2. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಮಂಡಿಸಿ, ಲೇಬಲ್ ಓದಿ ಹೇಳಬಲ್ಲವರು ಗ್ರಾಮದಲ್ಲಿ ಯಾರಿದ್ದಾರೆಂದು ಗುರುತಿಸುವುದು.
3. ಮೇಲ್ಮೈ 100 ಚದರ ಸೆಂ.ಮೀ. ಮೀರದ ಪೊಟ್ಟಣಗಳಿಗೆ ಪದಾರ್ಥಗಳ ಪಟ್ಟಿಯಿಂದ ವಿನಾಯಿತಿ ಇದ್ದು, ಆ ವಿವರ ಹೊರ ಪೆಟ್ಟಿಗೆಯ ಮೇಲಿರುತ್ತದೆ. ಆದ್ದರಿಂದ ಸರಕು ಮುಗಿಯುವವರೆಗೆ ಪೆಟ್ಟಿಗೆಯನ್ನು ಎಸೆಯದಂತೆ ಅಂಗಡಿಯವರಿಗೆ ತಿಳಿಹೇಳುವುದು. ಗಾಜಿನ ಭರಣಿಯಿಂದ ಬಿಡಿಯಾಗಿ ಮಾರುವ ತಿನಿಸನ್ನು ಪರೀಕ್ಷೆಯ ಅವಧಿಯಲ್ಲಿ ಕೊಳ್ಳದಂತೆ ಕುಟುಂಬಕ್ಕೆ ಸೂಚಿಸುವುದು.
4. ಪರೀಕ್ಷೆಯಲ್ಲಿರುವ ಮಗುವಿನ ವಿವರವನ್ನು, ಪೋಷಕರ ಒಪ್ಪಿಗೆಯೊಡನೆ, ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಯ ಬಿಸಿಯೂಟದ ಅಡುಗೆಯವರಿಗೆ ತಿಳಿಸುವುದು. ಮನೆಯ ಪಥ್ಯ ಶಾಲೆಯಲ್ಲಿ ಮುರಿದರೆ ಪ್ರಯೋಜನವಿಲ್ಲ.
5. ಲೇಬಲ್ ಇಲ್ಲದ ಅಥವಾ ತಪ್ಪು ಲೇಬಲ್ ಇರುವ ಪೊಟ್ಟಣದ ಕುರಿತು ಆಹಾರ ಸುರಕ್ಷತಾ ಅಧಿಕಾರಿಗೆ, ಇಲ್ಲವೇ ಶುಲ್ಕರಹಿತ ಸಂಖ್ಯೆ 1800-11-2100ಕ್ಕೆ ದೂರು ನೀಡುವುದು.

ಎಚ್ಚರಿಕೆಗಳು

ಮಕ್ಕಳು, ಗರ್ಭಿಣಿಯರು ಹಾಗೂ ಬಾಣಂತಿಯರು ವೈದ್ಯರ ಸಲಹೆಯಿಲ್ಲದೆ ಯಾವ ಆಹಾರವನ್ನೂ ದೀರ್ಘಕಾಲ ಬಿಡಬಾರದು, ಅಪೌಷ್ಟಿಕತೆ ಉಂಟಾದೀತು. ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ಸಂಶಯವಿದ್ದರೆ ಗೋಧಿ ತಿನ್ನುತ್ತಿರುವಾಗಲೇ ರಕ್ತಪರೀಕ್ಷೆ ಮಾಡಿಸಬೇಕು. ಮೊದಲೇ ಬಿಟ್ಟರೆ ಕಾಯಿಲೆ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಹಿಂದೆ ಯಾವುದಾದರೂ ಆಹಾರದಿಂದ ಮುಖ ಊದಿಕೊಂಡಿದ್ದರೆ ಅಥವಾ ಉಸಿರು ಕಟ್ಟಿದ್ದರೆ, ಆ ಆಹಾರವನ್ನು ಮನೆಯಲ್ಲಿ ಮರಳಿ ಪ್ರಯೋಗಿಸಲೇಬಾರದು. ಅಂತಹ ಲಕ್ಷಣ ಕಂಡುಬಂದ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.

ಮುಂದಿನ ಗ್ರಾಮ ಸಭೆಯಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣ ಹಾಗೂ ಒಂದು ಇಂಗಿನ ಡಬ್ಬಿಯನ್ನು ತರಿಸಿ, ಅವುಗಳ ಲೇಬಲ್ಲನ್ನು ಎಲ್ಲರೆದುರು ಓದಿ ಅರ್ಥ ತಿಳಿಸಬೇಕೆಂದು ಮಾನ್ಯ ಸದಸ್ಯರಲ್ಲಿ ಕೋರಲಾಗಿದೆ.