ರೆಂಬ್ರಾಂಟನ ‘ಚಿಪ್ಪು’: ಒಂದು ಅಚ್ಚುಚಿತ್ರದ ಮೂರು ಹಂತಗಳು

ಹೂವು, ಹಣ್ಣು, ಪಾತ್ರೆ ಮೊದಲಾದ ಅಚಲ ಪದಾರ್ಥಗಳನ್ನು ವಿಷಯವಾಗಿ ಉಳ್ಳ ಸ್ಥಿರವಸ್ತು ಚಿತ್ರವು ವರ್ಣಚಿತ್ರದಲ್ಲಿ ಒಂದು ಬಗೆಯಾಗಿ ಸಿದ್ಧವಾದರೆ ಅಚ್ಚುಚಿತ್ರದಲ್ಲಿ ಬೇರೊಂದು ಬಗೆಯಾಗಿ ಸಿದ್ಧವಾಗುತ್ತದೆ. ವರ್ಣಚಿತ್ರಕಾರನ ಮೊದಲ ಆಲೋಚನೆಗಳು ಮೇಲಿನ ಬಣ್ಣದಡಿಯಲ್ಲಿ ಅಡಗಿಹೋಗುತ್ತವೆ. ಅಚ್ಚುಗಾರನವಾದರೋ ಕೆಲಸದ ನಡುವೆ ತೆಗೆದ ಪ್ರತಿಗಳಲ್ಲಿ ಉಳಿದುಬರುತ್ತವೆ. ಇತಿಹಾಸದ ಅಭ್ಯಾಸಿಗಳಾದ ನಮಗೆ ಅಂತಹ ಪ್ರತಿಗಳು ಮೂಲಾಧಾರಗಳೇ ಸರಿ. ಡಚ್ ಕಲಾವಿದ ರೆಂಬ್ರಾಂಟನು (1606–1669) 1650ರಲ್ಲಿ ರಚಿಸಿದ ‘ಚಿಪ್ಪು’ ಎಂಬ ಚಿತ್ರವನ್ನು ಇದಕ್ಕೆ ನಿದರ್ಶನವಾಗಿ ಪರಿಶೀಲಿಸೋಣ. ಅವನ ಸುಮಾರು ಮುನ್ನೂರು ಆಮ್ಲಕೊರೆತದ ಚಿತ್ರಗಳಲ್ಲಿ ಸ್ಥಿರವಸ್ತುವನ್ನು ಕುರಿತದ್ದು ಇದೊಂದೇ.

ಚಿತ್ರದಲ್ಲಿರುವುದು ಕೋನಸ್ ಮಾರ್ಮೊರಿಯಸ್ ಎಂಬ ಜಾತಿಯ ಚಿಪ್ಪು. ಕಪ್ಪು ಮೈಮೇಲೆ ಬಿಳಿಯ ಮುಕ್ಕೋನದ ಮಚ್ಚೆಗಳುಳ್ಳದ್ದು. ಇದು ಹಿಂದೂ ಮಹಾಸಾಗರ ಮತ್ತು ಶಾಂತಸಾಗರಗಳ ವಸ್ತು, ಹಾಲೆಂಡಿನ ಕಡಲಿನದಲ್ಲ. 1602ರಲ್ಲಿ ಸ್ಥಾಪಿತವಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಪೂರ್ವದೇಶಗಳ ಇಂತಹ ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸ ಅಲ್ಲಿ ಬೆಳೆದಿತ್ತು. ರೆಂಬ್ರಾಂಟನು 1656ರಲ್ಲಿ ದಿವಾಳಿಯಾದಾಗ ಬರೆದ ಸೊತ್ತಿನ ಪಟ್ಟಿಯಲ್ಲಿಯೂ ಚಿಪ್ಪುಗಳ ಉಲ್ಲೇಖವಿದೆ.

ತಾಮ್ರದ ತಗಡಿಗೆ ಮೇಣದ ಲೇಪವನ್ನು ಕೊಟ್ಟು, ಸೂಜಿಯಿಂದ ಗೆರೆಯೆಳೆದು, ಆಮ್ಲದಲ್ಲಿ ಇಟ್ಟರೆ ಲೇಪ ಹರಿದೆಡೆಯಲ್ಲೆಲ್ಲ ಲೋಹ ಸವೆಯುತ್ತದೆ. ಆ ಗೀರುಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದವನ್ನು ಮೇಲಿಟ್ಟು ಒತ್ತಿದರೆ ಅಚ್ಚು ಮೂಡುತ್ತದೆ. ರೆಂಬ್ರಾಂಟನು ಈ ವಿಧಾನದೊಡನೆ ಒಣಸೂಜಿ ಮತ್ತು ಉಳಿಗಳನ್ನೂ ಬಳಸಿದ್ದಾನೆ. ತಗಡಿನಲ್ಲಿ ಬದಲಾವಣೆ ಮಾಡಿ ಮತ್ತೆ ಪ್ರತಿ ತೆಗೆದಾಗ ಅದನ್ನು ಹೊಸ ‘ಹಂತ’ವೆಂದು ಕರೆಯುತ್ತಾರೆ. ‘ಚಿಪ್ಪು’ ಮೂರು ಹಂತಗಳಲ್ಲಿ ದೊರೆಯುತ್ತದೆ.

ಮೊದಲ ಹಂತದಲ್ಲಿ ಹಿನ್ನೆಲೆ ಬರಿದಾಗಿದೆ. ಚಿಪ್ಪು ಬಿಳಿಯ ಕಾಗದದ ಮೇಲೆ ಒಂದು ಮಾದರಿಯಂತೆ ನಿಂತಿದೆ. 1640ರ ದಶಕದಲ್ಲಿ ವೆನ್ಸೆಸ್ಲಾಸ್ ಹೊಲ್ಲಾರನು ಬಿಡಿಬಿಡಿಯಾಗಿ ಕೊರೆದ ಚಿಪ್ಪುಗಳ ಕ್ರಮವೂ ಅದೇ. ಎರಡನೆಯ ಹಂತದಲ್ಲಿ ಹಿಂಬದಿಯನ್ನು ದಟ್ಟವಾದ ಅಡ್ಡಗೆರೆಗಳು ಆವರಿಸುತ್ತವೆ. ಒಡನೆಯೇ ಚಿಪ್ಪಿಗೆ ಒಂದು ನೆಲೆ, ಭಾರ, ಬೆಳಕು ಒದಗುತ್ತವೆ, ಮಾದರಿಯಾಗಿದ್ದುದು ಚಿತ್ರವಾಗುತ್ತದೆ. ಮೂರನೆಯದರಲ್ಲಿ ಸುರುಳಿಯ ಭಾಗವನ್ನು ಮಾತ್ರ ಸ್ವಲ್ಪ ತಿದ್ದಿದೆ.

ಆದರೆ ಒಂದು ಅಂಶ ಮೂರು ಹಂತಗಳಲ್ಲಿಯೂ ಬದಲಾಗಿಲ್ಲ. ತಗಡಿನಲ್ಲಿ ಬಲಕ್ಕಿರುವುದು ಅಚ್ಚಿನಲ್ಲಿ ಎಡಕ್ಕೆ ಬರುವುದಷ್ಟೆ. ಈ ಜಾತಿಯ ಚಿಪ್ಪನ್ನು ಸುರುಳಿ ಮೇಲಾಗುವಂತೆ ಹಿಡಿದರೆ ಬಾಯಿ ಬಲಗಡೆಗೆ ತೆರೆದಿರುತ್ತದೆ. ರೆಂಬ್ರಾಂಟನು ಕಂಡಂತೆಯೇ ತಗಡಿನ ಮೇಲೆ ಬರೆದುದರಿಂದ ಅಚ್ಚಿನಲ್ಲಿ ಅದು ತಿರುವುಮುರುವಾಗಿದೆ. ತನ್ನ ಹೆಸರನ್ನೂ ವರ್ಷವನ್ನೂ ಆತನು ತಗಡಿನಲ್ಲಿ ತಲೆಕೆಳಗುಮಾಡದೆ, ಕನ್ನಡಿಯ ಬಿಂಬದಂತೆ ಹಿಂದುಮುಂದಾಗಿ ಬರೆದಿದ್ದಾನೆ. ಅವು ಅಚ್ಚಿನಲ್ಲಿ ಸರಿಯಾಗಿ ಓದಿಬರುತ್ತವೆ. ಆದ್ದರಿಂದ ಇದನ್ನು ಕಸುಬಿನ ಅಜ್ಞಾನವೆನ್ನಲಾಗದು. ಅಕ್ಷರ ತಿರುಗಿದರೆ ಯಾರಿಗಾದರೂ ತಿಳಿಯುತ್ತದೆ. ಸುರುಳಿ ತಿರುಗಿದರೆ ಬಲ್ಲವರಿಗಷ್ಟೇ ತಿಳಿಯುತ್ತದೆ.

ಇದರಿಂದ ಅಚ್ಚುಚಿತ್ರದ ವಿನ್ಯಾಸಕ್ರಮವೂ ಸ್ಪಷ್ಟವಾಗುತ್ತದೆ. ನೆರಳು, ಹಿನ್ನೆಲೆ, ಗೆರೆಯ ಸಾಂದ್ರತೆ—ಇವನ್ನು ಪ್ರತಿಯನ್ನು ನೋಡಿದ ಬಳಿಕ ಕೂಡಿಸಬಹುದು. ವಸ್ತುವಿನ ದಿಕ್ಕನ್ನಾದರೋ ಮೊದಲ ಗೆರೆಗೆ ಮುನ್ನವೇ ನಿಶ್ಚಯಿಸಬೇಕು. ಅನಂತರ ಅದನ್ನು ಬದಲಾಯಿಸಲು ಹೊಸ ತಗಡೇ ಬೇಕಾಗುತ್ತದೆ. ವಸ್ತುವನ್ನು ಕನ್ನಡಿಯಲ್ಲಿ ನೋಡಿ ಬರೆಯುವುದು, ಇಲ್ಲವೆ ಪಾರದರ್ಶಕ ಕಾಗದದ ರೇಖಾಚಿತ್ರವನ್ನು ಮಗುಚಿ ತಗಡಿಗೆ ಇಳಿಸುವುದು, ಇದಕ್ಕೆ ಸುಲಭೋಪಾಯಗಳು.

ಇತಿಹಾಸಕಾರನಿಗೂ ಇಲ್ಲೊಂದು ಎಚ್ಚರಿಕೆಯಿದೆ. ಹಳೆಯ ಅಚ್ಚುಚಿತ್ರಗಳಿಂದ ಕಟ್ಟಡ, ಉಡುಪು, ಆಯುಧಗಳ ವಿವರಗಳನ್ನು ಎತ್ತಿಕೊಳ್ಳುವಾಗ ನಾವು ಎಡಬಲಗಳನ್ನು ಪ್ರಶ್ನಿಸದೆ ನಂಬಿಬಿಡುತ್ತೇವೆ. ಎಡಗೈಯಲ್ಲಿ ಕತ್ತಿ ಹಿಡಿದ ಯೋಧನನ್ನು ಕಂಡಾಗ ಆತನು ಎಡಚನೆಂದು ಬರೆಯುವ ಮೊದಲು, ಚಿತ್ರವು ತಗಡಿನಿಂದ ಕಾಗದಕ್ಕೆ ಬಂದ ಬಗೆಯನ್ನು ವಿಚಾರಿಸುವುದು ಒಳ್ಳೆಯದು. ಅಂಗೈಯಗಲದ ಈ ಚಿಪ್ಪು ಅಷ್ಟನ್ನು ನಮಗೆ ಕಲಿಸಿದರೆ ಸಾಕು.