ಬರೆಯಲೊಪ್ಪದ ಡಿಸ್ಕ್

ಲಿನಕ್ಸ್‌ನಲ್ಲಿ ನಡೆಯುವ ಕಂಪ್ಯೂಟರೊಂದು ಎಂದಿನಂತೆ ತೆರೆದುಕೊಂಡು, ಹಳೆಯ ಕಡತಗಳನ್ನೆಲ್ಲ ಓದಿ ತೋರಿಸುತ್ತಲೇ, ಹೊಸದಾಗಿ ಒಂದಕ್ಷರವನ್ನೂ ಉಳಿಸಿಕೊಳ್ಳಲು ನಿರಾಕರಿಸುವ ಸ್ಥಿತಿಗೆ ‘ರೀಡ್ ಓನ್ಲಿ’, ಅಂದರೆ ಓದಲಷ್ಟೇ ತೆರೆದ ಸ್ಥಿತಿ ಎಂದು ಹೆಸರು. ಇಡೀ ವ್ಯವಸ್ಥೆ ಯಾವ ಡಿಸ್ಕ್ ವಿಭಾಗದ ಮೇಲೆ ನಿಂತಿದೆಯೋ ಅದನ್ನು ಲಿನಕ್ಸ್ ಪರಿಭಾಷೆಯಲ್ಲಿ ‘ರೂಟ್’ ಎನ್ನುತ್ತಾರೆ. ಒಂದು ಓರೆಗೆರೆಯಿಂದ ಸೂಚಿಸಲಾಗುವ ಈ ಮೂಲ ವಿಭಾಗದಿಂದಲೇ ಉಳಿದೆಲ್ಲ ಫೋಲ್ಡರುಗಳು ಕವಲೊಡೆಯುವುದರಿಂದ, ಅದು ಓದಿಗಷ್ಟೇ ಸೀಮಿತವಾದ ಕ್ಷಣದಿಂದ ಪತ್ರ ಉಳಿಸುವುದು, ಹೊಸ ತಂತ್ರಾಂಶ ಹಾಕುವುದು, ಕೆಲವೊಮ್ಮೆ ಲಾಗಿನ್ ಆಗುವುದು ಕೂಡ ನಿಂತುಹೋಗುತ್ತದೆ. ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಪರದೆಯೇ ಮತ್ತೆ ಮತ್ತೆ ಎದುರಾಗುವುದಕ್ಕೆ ಇದೂ ಒಂದು ಕಾರಣ. ಬಳಸುವವರು ಈ ಸ್ಥಿತಿಯನ್ನೇ ಮೂಲದೋಷವೆಂದು ತಿಳಿಯುವುದು ಸಹಜ; ಆದರೆ ಬಹುಪಾಲು ಸಂದರ್ಭಗಳಲ್ಲಿ ಇದು ಬೇರೆಲ್ಲೋ ತಲೆದೋರಿದ ದೋಷ ಹರಡದಿರಲೆಂದು ಲಿನಕ್ಸ್ ತಾನೇ ಹಾಕಿಕೊಂಡ ತಡೆಯಾಗಿರುತ್ತದೆ. ಆದ್ದರಿಂದ ತಡೆಯನ್ನು ಕಿತ್ತುಹಾಕುವ ಮೊದಲು ಅದು ಏಕೆ ಬಿತ್ತೆಂದು ನೋಡಬೇಕು.

ಮಹಾರಾಷ್ಟ್ರದ ಗಡಿಯಂಚಿನ ಉಮರ್ಗಾ, ನಿಲಂಗಾ, ಉದಗೀರದಂಥ ಊರುಗಳಲ್ಲಿ ಈ ವಿಷಯ ತಿಳಿದಿರುವುದು ಇಂದು ಉಪಯುಕ್ತ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದುದರಿಂದ, ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕದೆ ಇನ್ನಷ್ಟು ವರ್ಷ ದುಡಿಸಿಕೊಳ್ಳಬೇಕೆನ್ನುವವರಿಗೆ ಉಬುಂಟು, ಮಿಂಟ್ ಮುಂತಾದ ಲಿನಕ್ಸ್ ವ್ಯವಸ್ಥೆಗಳು ಹಣ ಬೇಡದ ದಾರಿಯಾಗಿವೆ. ಭಾಷೆಯ ಕಾರಣವೂ ಇದೆ. ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದು, ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬೈ ರಾಜ್ಯಕ್ಕೂ, 1982ರಲ್ಲಿ ಹೊಸದಾಗಿ ರಚನೆಯಾದ ಲಾತೂರ ಜಿಲ್ಲೆಗೂ ಸೇರಿದವು. ಉಮರ್ಗಾ ಈಗಿನ ಧಾರಾಶಿವ ಜಿಲ್ಲೆಯಲ್ಲಿದ್ದರೂ ಆಳಂದ, ಬಸವಕಲ್ಯಾಣಗಳಿಗೆ ನೆರೆಯ ಊರು. ಇಲ್ಲಿಯ ಕನ್ನಡ ಮನೆಯೊಂದರಲ್ಲಿ ಹೊಲದ ಸಾತಬಾರಾ ಉತಾರೆ ಮರಾಠಿಯಲ್ಲಿಯೂ, ಗಡಿಯಾಚೆಯ ಬೀಗರ ಹೊಲದ ಪಹಣಿ ಕನ್ನಡದಲ್ಲಿಯೂ ಇರುವುದು ಹೊಸತಲ್ಲ. ಯುನಿಕೋಡ್ ಆಧಾರದ ಮೇಲೆ ಎರಡೂ ಲಿಪಿಗಳನ್ನು ಒಂದೇ ಕೀಲಿಮಣೆಯಿಂದ ಮೂಡಿಸುವ ಸೌಕರ್ಯ ಲಿನಕ್ಸ್‌ನಲ್ಲಿ ಬೇರೆ ಖರ್ಚಿಲ್ಲದೆ ದೊರೆಯುತ್ತದೆ. ಗಡಿನಾಡ ಕನ್ನಡಿಗರಿಗೆ ಲಿನಕ್ಸ್ ಅಪರಿಚಿತವೂ ಅಲ್ಲ: ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳ ಸರ್ಕಾರದ ‘ಐಟಿ ಅಟ್ ಸ್ಕೂಲ್’ ಯೋಜನೆ ಹಾಗೂ ಅದರ ಮುಂದಿನ ರೂಪವಾದ ‘ಕೈಟ್’ ಸಂಸ್ಥೆಯ ಮೂಲಕ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಿದ್ದಾರೆ.

ಎಷ್ಟೋ ಬಳಕೆದಾರರಿಗೆ ತಿಳಿಯದ ಸಂಗತಿಯೆಂದರೆ, ಉಬುಂಟುವಿನಂಥ ವ್ಯವಸ್ಥೆಗಳಲ್ಲಿ ಯಂತ್ರ ಪ್ರತಿಸಲ ಚಾಲೂ ಆಗುವಾಗಲೂ ಮೂಲ ವಿಭಾಗ ಮೊದಲು ಓದಲಷ್ಟೇ ತೆರೆದುಕೊಳ್ಳುತ್ತದೆ. ವ್ಯವಸ್ಥೆಯ ತಿರುಳಾದ ಕರ್ನೆಲ್ ಡಿಸ್ಕನ್ನು ಬರವಣಿಗೆಗೆ ಬಿಡದೆ ಜೋಡಿಸಿಕೊಂಡು, ಪರೀಕ್ಷೆ ಮುಗಿದು ಎಲ್ಲವೂ ಸರಿಯಿದೆಯೆಂದಾದ ಮೇಲೆ ಬರವಣಿಗೆಗೂ ತೆರೆಯುತ್ತದೆ. ಈ ಜೋಡಣೆಗೆ ‘ಮೌಂಟ್’ ಎಂದೂ, ಜೋಡಿಸಿದ್ದನ್ನು ಬೇರೆ ರೀತಿಯಲ್ಲಿ ಮರುಜೋಡಿಸುವುದಕ್ಕೆ ‘ರೀಮೌಂಟ್’ ಎಂದೂ ಕರೆಯುತ್ತಾರೆ. ಯಾವ ವಿಭಾಗವನ್ನು ಎಲ್ಲಿ, ಹೇಗೆ ಜೋಡಿಸಬೇಕೆಂಬ ಪಟ್ಟಿ ‘ಎಫ್‌ಎಸ್‌ಟ್ಯಾಬ್’ ಎಂಬ ಸಣ್ಣ ಕಡತದಲ್ಲಿರುತ್ತದೆ. ಹೀಗಾಗಿ ಯಂತ್ರ ಚಾಲೂ ಆದಾಗಿನಿಂದಲೇ ಬರೆಯಲು ಒಪ್ಪದಿದ್ದರೆ ಪರೀಕ್ಷೆ ವಿಫಲವಾಗಿರಬಹುದು ಅಥವಾ ಆ ಪಟ್ಟಿಯಲ್ಲಿ ತಪ್ಪಿರಬಹುದು. ಗಂಟೆಗಟ್ಟಲೆ ಸರಿಯಾಗಿ ನಡೆದು ನಡುವೆ ಒಮ್ಮೆಲೇ ನಿಂತರೆ ಕಾರಣವನ್ನು ಡಿಸ್ಕಿನಲ್ಲಿಯೇ ಹುಡುಕಬೇಕಾಗುತ್ತದೆ. ಈ ಎರಡನ್ನೂ ಒಂದೇ ಎಂದುಕೊಂಡು ಹೊರಟರೆ ಕಾಲಹರಣವಾಗುತ್ತದೆ.

ಡಿಸ್ಕಿನ ಮೇಲೆ ಕಡತಗಳನ್ನು ಇಡುವ ಕ್ರಮಕ್ಕೆ ಫೈಲ್ ಸಿಸ್ಟಮ್, ಅಂದರೆ ಕಡತ ವ್ಯವಸ್ಥೆ ಎನ್ನುತ್ತಾರೆ. ಉಬುಂಟು, ಡೆಬಿಯನ್, ಮಿಂಟ್‌ಗಳು ಸಾಮಾನ್ಯವಾಗಿ ಬಳಸುವ ‘ಎಕ್ಸ್ಟ್4’ ಎಂಬ ಕಡತ ವ್ಯವಸ್ಥೆ 2008ರ ಕೊನೆಯಲ್ಲಿ ಲಿನಕ್ಸ್ ಕರ್ನೆಲ್‌ನ ಸ್ಥಿರ ಭಾಗವಾಯಿತು. ಅದರ ಭದ್ರತೆ ನಿಂತಿರುವುದು ‘ಜರ್ನಲ್’ ಎಂಬ ವಿಧಾನದ ಮೇಲೆ. ಉದಗೀರದ ಮೊಂಢಾದಲ್ಲಿ ತೊಗರಿ, ಸೋಯಾ ವಹಿವಾಟು ನಡೆಸುವ ಅಡತಿ ಅಂಗಡಿಯ ಮುನೀಮರು ದಿನದ ಲೇವಾದೇವಿಯನ್ನು ಮೊದಲು ಕಿರ್ದಿಯಲ್ಲಿ ಬರೆದು, ಆಮೇಲೆ ಆಯಾ ಅಸಾಮಿಯ ಖಾತೆಗೆ ಖತಾವಣಿಯಲ್ಲಿ ಏರಿಸುವಂತೆ, ಎಕ್ಸ್ಟ್4 ಕೂಡ ಡಿಸ್ಕಿನ ರಚನೆಯಲ್ಲಿ ಮಾಡಲಿರುವ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಬರೆದು, ನಂತರ ಅದರ ನಿಜವಾದ ಜಾಗಕ್ಕೆ ಒಯ್ಯುತ್ತದೆ. ನಡುವೆ ವಿದ್ಯುತ್ ಹೋದರೆ, ಮುಂದಿನ ಸಲ ಯಂತ್ರ ಚಾಲೂ ಆದಾಗ ಕಿರ್ದಿಯಲ್ಲಿ ಪೂರ್ಣಗೊಂಡ ನಮೂದುಗಳನ್ನು ಖತಾವಣಿಗೆ ಏರಿಸಿ, ಅರ್ಧಕ್ಕೆ ನಿಂತವನ್ನು ಕೈಬಿಡಲಾಗುತ್ತದೆ. ಇಲ್ಲೊಂದು ಮಿತಿಯನ್ನು ಗಮನಿಸಬೇಕು: ಸಾಮಾನ್ಯ ಬಳಕೆಯಲ್ಲಿ ಜರ್ನಲ್‌ಗೆ ಸೇರುವುದು ಕಡತಗಳ ಹೆಸರು, ಅಳತೆ, ಡಿಸ್ಕಿನಲ್ಲಿ ಅವುಗಳ ಜಾಗ ಮುಂತಾದ ರಚನೆಯ ವಿವರವೇ ಹೊರತು ಕಡತದೊಳಗಿನ ಬರಹವಲ್ಲ, ಜೊತೆಗೆ ಈ ನಮೂದು ಡಿಸ್ಕಿಗೆ ಇಳಿಯುವುದು ಸುಮಾರು 5 ಸೆಕೆಂಡಿಗೊಮ್ಮೆ. ಆದ್ದರಿಂದ ವಿದ್ಯುತ್ ಹೋಗುವ ಮುಂಚಿನ ಕ್ಷಣದಲ್ಲಿ ಟೈಪಿಸಿದ ಸಾಲು ಕಳೆದುಹೋಗಬಹುದು. ಆದರೆ ಡಿಸ್ಕಿನ ಒಟ್ಟು ರಚನೆ ಉಳಿಯಬೇಕು.

ಕರ್ನೆಲ್‌ಗೆ ಈ ರಚನೆಯಲ್ಲಿಯೇ ಅಸಂಗತಿ ಕಂಡರೆ ಮೂರು ದಾರಿಗಳಿವೆ: ಕಂಡೂ ಕಾಣದಂತೆ ಮುಂದುವರಿಯುವುದು, ಮೂಲ ವಿಭಾಗವನ್ನು ಓದಿಗಷ್ಟೇ ಮರುಜೋಡಿಸುವುದು, ಇಡೀ ಯಂತ್ರವನ್ನು ನಿಲ್ಲಿಸಿಬಿಡುವುದು. ಡೆಬಿಯನ್ ಮತ್ತು ಉಬುಂಟುಗಳು ಅನುಸ್ಥಾಪನೆಯ ವೇಳೆಗೇ ಎಫ್‌ಎಸ್‌ಟ್ಯಾಬ್‌ನಲ್ಲಿ ಎರಡನೆಯ ದಾರಿಯನ್ನು ಬರೆದಿಡುತ್ತವೆ, ಮತ್ತು ಅದೇ ವಿವೇಕದ ಆಯ್ಕೆ; ದೋಷವಿರುವ ಡಿಸ್ಕಿನ ಮೇಲೆ ಬರೆಯುತ್ತ ಹೋದರೆ ಒಂದು ಕಡತದ ಜಾಗದಲ್ಲಿ ಇನ್ನೊಂದು ಕುಳಿತು, ಆಗ ಯಾವ ತಜ್ಞನೂ ಬಿಡಿಸಲಾಗದ ಕಲಸುಮೇಲೋಗರ ಉಂಟಾಗುತ್ತದೆ.

ಕಾರಣಗಳಲ್ಲಿ ಜನ ಮೊದಲು ಹೆಸರಿಸುವುದು ವಿದ್ಯುತ್ತನ್ನು. ಈ ಊರುಗಳಿರುವ ಮರಾಠವಾಡದಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗುಮಳೆ, ಬಿರುಗಾಳಿಗಳ ಹೊತ್ತಿಗೆ ವಿದ್ಯುತ್ ಒಮ್ಮೆ ಹೋಗಿ ಸುಮ್ಮನಿರದೆ, ಹೋಗಿ ಬಂದು, ವೋಲ್ಟೇಜ್ ಏರಿ ಇಳಿದು ಕಾಡುವುದುಂಟು. ಬ್ಯಾಟರಿಯಿರುವ ಲ್ಯಾಪ್‌ಟಾಪ್ ಇದನ್ನು ತಾಳಿಕೊಂಡರೂ, ಬ್ಯಾಟರಿ ಸತ್ತ ಯುಪಿಎಸ್‌ಗೆ ಜೋಡಿಸಿದ ಡೆಸ್ಕ್‌ಟಾಪ್ ತಾಳುವುದಿಲ್ಲ. ಆದರೂ ವಿದ್ಯುತ್ ಕಡಿತವೊಂದೇ ಇದಕ್ಕೆ ಕಾರಣವೆಂಬ ತೀರ್ಮಾನ ಅವಸರದ್ದು, ಏಕೆಂದರೆ ಅದನ್ನು ಎದುರಿಸಲೆಂದೇ ಜರ್ನಲ್ ಇದೆ. ಬರೆದದ್ದನ್ನು ತನ್ನ ತಾತ್ಕಾಲಿಕ ಸ್ಮೃತಿಯಲ್ಲಿಯೇ ಇಟ್ಟುಕೊಂಡು ‘ಬರೆದಾಯಿತು’ ಎಂದು ಕರ್ನೆಲ್‌ಗೆ ಸುಳ್ಳು ವರದಿ ಒಪ್ಪಿಸುವ ಅಗ್ಗದ ಡಿಸ್ಕ್, ಸವೆದ ಎಸ್‌ಎಸ್‌ಡಿ, ಸಡಿಲಗೊಂಡ ಸಾಟಾ ಕೇಬಲ್, ಕೆಟ್ಟ ರ‍್ಯಾಮ್, ಇವುಗಳಲ್ಲೊಂದು ಜೊತೆಗೂಡಿದಾಗಲೇ ಕಿರ್ದಿಯೇ ಕೆಡುವುದು. ಆಯುಷ್ಯ ಮುಗಿದ ಕೆಲವು ಎಸ್‌ಎಸ್‌ಡಿ ಹಾಗೂ ಮೆಮೊರಿ ಕಾರ್ಡ್‌ಗಳಂತೂ ಲಿನಕ್ಸ್ ಹೇಳದೆಯೂ ತಾವಾಗಿ ಬರವಣಿಗೆಯನ್ನು ನಿಲ್ಲಿಸಿಬಿಡುತ್ತವೆ. ಅಲ್ಲಿ ಯಾವ ಆದೇಶವೂ ನಡೆಯದು.

ದುರಸ್ತಿಗೆ ತೊಡಗುವವರು ಯಂತ್ರವನ್ನು ಆರಿಸಿ ಹಚ್ಚುವ ಅಭ್ಯಾಸವನ್ನು ಇಲ್ಲಿ ತಡೆದುಕೊಳ್ಳಬೇಕು. ಮೂಲ ವಿಭಾಗಕ್ಕೆ ಬರೆಯಲಾಗದ ಕಾರಣ ದೋಷದ ವರದಿಯೂ ಡಿಸ್ಕಿಗೆ ಇಳಿದಿರುವುದಿಲ್ಲ. ಅದು ಸ್ಮೃತಿಯಲ್ಲಷ್ಟೇ ಇದ್ದು, ಯಂತ್ರ ಆರಿದೊಡನೆ ಅಳಿದುಹೋಗುತ್ತದೆ. ಟರ್ಮಿನಲ್ ಎಂಬ ಆದೇಶದ ಕಿಟಕಿಯನ್ನು ತೆರೆದು ‘ಡಿ ಎಂ ಇ ಎಸ್ ಜಿ’ ಎಂಬ ಐದು ಇಂಗ್ಲಿಷ್ ಅಕ್ಷರಗಳ ಆದೇಶವನ್ನು, ಅಗತ್ಯವಿದ್ದರೆ ಅದರ ಮೊದಲಿಗೆ ಆಡಳಿತಾಧಿಕಾರ ಕೊಡುವ ‘ಸುಡೊ’ ಸೇರಿಸಿ, ಕೊಟ್ಟಾಗ ಕರ್ನೆಲ್‌ನ ಮಾತುಗಳೆಲ್ಲ ಸಾಲಾಗಿ ಬರುತ್ತವೆ. ಕೊನೆಯ ಪರದೆಗಳನ್ನು ಮೊಬೈಲಿನಲ್ಲಿ ಫೋಟೊ ಹಿಡಿದಿಟ್ಟುಕೊಳ್ಳುವುದು ಲೇಸು. ಅದರಲ್ಲಿ ‘ಎಕ್ಸ್ಟ್4 ಎರರ್’ ಎಂಬ ಸಾಲು ಮಾತ್ರವಿದ್ದರೆ ರಚನೆಯ ದೋಷವೆಂದೂ, ಅದಕ್ಕೆ ಮೊದಲು ‘ಐ ಓ ಎರರ್’ ಎಂಬ ಸಾಲುಗಳಿದ್ದರೆ ಡಿಸ್ಕ್ ಅಥವಾ ಕೇಬಲಿನ ದೋಷವೆಂದೂ ಸ್ಥೂಲವಾಗಿ ತಿಳಿಯಬಹುದು.

ಎರಡನೆಯ ಕೆಲಸ ಕಡತಗಳ ಪ್ರತಿ ತೆಗೆದುಕೊಳ್ಳುವುದು. ಓದು ಇನ್ನೂ ಸಾಧ್ಯವಿರುವುದೇ ಈ ಸ್ಥಿತಿಯ ಅನುಕೂಲ. ಬೇಕಾದ ಕಡತಗಳನ್ನು ಮೊದಲು ಹೊರಗೆ ಸಾಗಿಸಿಕೊಂಡರೆ ಮುಂದಿನ ದುರಸ್ತಿಯಲ್ಲಿ ಏನಾದರೂ ಎಡವಟ್ಟಾದರೂ ನಷ್ಟವಿರದು. ಪೆನ್‌ಡ್ರೈವ್ ಚುಚ್ಚಿದರೂ ಅದು ಕಾಣಿಸಿಕೊಳ್ಳದಿರುವುದು ಇಲ್ಲಿ ಅನೇಕರನ್ನು ಗಾಬರಿಗೊಳಿಸುತ್ತದೆ. ಉಬುಂಟು ಅದಕ್ಕಾಗಿ ‘ಮೀಡಿಯಾ’ ಫೋಲ್ಡರಿನೊಳಗೆ ಹೊಸ ಜಾಗವೊಂದನ್ನು ಮಾಡಬೇಕಾಗಿದ್ದು, ಮೂಲ ವಿಭಾಗ ಬರೆಯಲು ಬಿಡದ ಕಾರಣ ಅದು ಸೋಲುತ್ತದೆ. ಆಗ ಮೊದಲಿನಿಂದಲೇ ಖಾಲಿಯಾಗಿ ಇರುವ ‘ಎಂ ಎನ್ ಟಿ’ ಎಂಬ ಫೋಲ್ಡರಿಗೆ ಪೆನ್‌ಡ್ರೈವನ್ನು ಆದೇಶದ ಮೂಲಕ ಜೋಡಿಸಿದರೆ ಕೆಲಸ ಸಾಗುತ್ತದೆ.

ಇದಾದ ಮೇಲೆ ‘ಸುಡೊ ಮೌಂಟ್’ ಆದೇಶಕ್ಕೆ ‘ರೀಮೌಂಟ್, ಆರ್ ಡಬ್ಲ್ಯೂ’ ಎಂಬ ಸೂಚನೆಯನ್ನೂ ಮೂಲ ವಿಭಾಗದ ಓರೆಗೆರೆಯನ್ನೂ ಸೇರಿಸಿ ಬರವಣಿಗೆಗೆ ಮರಳಿ ತೆರೆಯುವ ಉಪಾಯವನ್ನು ಹಲವರು ಹೇಳಿಕೊಡುತ್ತಾರೆ. ಎಫ್‌ಎಸ್‌ಟ್ಯಾಬ್‌ನಲ್ಲಿ ವಿಭಾಗದ ಗುರುತಿನ ಸಂಖ್ಯೆಯೋ ಅಲ್ಪವಿರಾಮವೋ ತಪ್ಪಿ ಹೀಗಾಗಿದ್ದರೆ ಈ ಉಪಾಯ ಸರಿಯಾದುದೇ: ಮರುಜೋಡಿಸಿ, ತಪ್ಪು ತಿದ್ದಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಆಯಿತು. ಡಿಸ್ಕಿನ ರಚನೆಯೇ ಕೆಟ್ಟಿದ್ದರೆ ಇದು ಅಪಾಯಕಾರಿ. ಜರ್ನಲ್ ಅರ್ಧಕ್ಕೆ ನಿಂತಿದ್ದಾಗ ಕರ್ನೆಲ್ ಈ ಆದೇಶವನ್ನು ಒಪ್ಪುವುದೂ ಇಲ್ಲ.

ಅಂಥ ಸಂದರ್ಭಕ್ಕೆ ಇರುವುದು ‘ಎಫ್ ಎಸ್ ಸಿ ಕೆ’ ಎಂಬ ಪರೀಕ್ಷಕ ತಂತ್ರಾಂಶ. ಬರವಣಿಗೆಗೆ ತೆರೆದಿರುವ ವಿಭಾಗದ ಮೇಲೆ ಇದನ್ನು ಎಂದೂ ಓಡಿಸಬಾರದಾದ್ದರಿಂದ, ಉಬುಂಟು ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಚಾಲೂ ಮಾಡಿ, ಡಿಸ್ಕನ್ನು ಜೋಡಿಸದೆಯೇ ಪರೀಕ್ಷಿಸುವುದು ಎಲ್ಲಕ್ಕಿಂತ ಸುರಕ್ಷಿತ. ಕೆಲವೊಮ್ಮೆ ಯಂತ್ರ ಚಾಲೂ ಆಗುತ್ತಲೇ ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಎಂಬ ಕಪ್ಪು ಪರದೆಯಲ್ಲಿ ನಿಂತು, ಯಾವ ವಿಭಾಗವನ್ನು ಕೈಯಿಂದ ಪರೀಕ್ಷಿಸಬೇಕೆಂದು ತಾನೇ ಹೇಳುತ್ತದೆ. ಆ ಪರದೆಯಲ್ಲಿಯೇ ಅದೇ ಆದೇಶವನ್ನು ಆ ವಿಭಾಗದ ಹೆಸರಿನೊಂದಿಗೆ ಕೊಡಬಹುದು. ಪರೀಕ್ಷೆ ಐದು ಸುತ್ತುಗಳಲ್ಲಿ ನಡೆಯುತ್ತದೆ. ಪ್ರತಿ ಕಡತದ ವಿವರಚೀಟಿಯಾದ ಐನೋಡ್‌ಗಳನ್ನು ಮೊದಲ ಸುತ್ತು ನೋಡಿದರೆ, ಎರಡನೆಯದು ಫೋಲ್ಡರುಗಳ ಒಳರಚನೆಯನ್ನು, ಮೂರನೆಯದು ಅವು ಮೂಲಕ್ಕೆ ಕೂಡಿಕೊಂಡಿವೆಯೇ ಎಂಬುದನ್ನು, ನಾಲ್ಕನೆಯದು ಒಂದೊಂದು ಕಡತಕ್ಕೆ ಎಷ್ಟು ಹೆಸರುಗಳಿವೆ ಎಂಬ ಲೆಕ್ಕವನ್ನು, ಐದನೆಯದು ಖಾಲಿ ಮತ್ತು ತುಂಬಿದ ಜಾಗಗಳ ಒಟ್ಟು ತಾಳೆಯನ್ನು ನೋಡುತ್ತದೆ. ಪ್ರತಿ ದೋಷಕ್ಕೂ ‘ಸರಿಪಡಿಸಲೇ’ ಎಂದು ಕೇಳುವ ತಂತ್ರಾಂಶಕ್ಕೆ ‘ವೈ’ ಸೂಚನೆ ಕೊಟ್ಟರೆ ಎಲ್ಲಕ್ಕೂ ಹೌದೆಂದಂತೆ. ಪ್ರತಿ ತೆಗೆದುಕೊಳ್ಳದವರು ಹಾಗೆ ಕೊಡದಿರುವುದೇ ಒಳ್ಳೆಯದು. ಹೆಸರು ಕಳೆದುಕೊಂಡು ಸಿಕ್ಕ ಕಡತಗಳು ‘ಲಾಸ್ಟ್ ಅಂಡ್ ಫೌಂಡ್’ ಫೋಲ್ಡರಿಗೆ ಬರೀ ಅಂಕಿಗಳ ಹೆಸರಿನಲ್ಲಿ ಬಂದು ಸೇರುತ್ತವೆ. ಅವುಗಳನ್ನು ಒಂದೊಂದಾಗಿ ತೆರೆದು ನೋಡಿ ಗುರುತಿಸುವುದು ಬೇಸರದ ಕೆಲಸ, ಬೇರೆ ದಾರಿಯಿಲ್ಲ.

ಡಿಸ್ಕಿನ ಒಟ್ಟು ನಕ್ಷೆಯನ್ನು ಹಿಡಿದಿರುವ ‘ಸೂಪರ್‌ಬ್ಲಾಕ್’ ಕೆಟ್ಟಿದ್ದರೆ ಪರೀಕ್ಷೆ ಆರಂಭವೇ ಆಗದು. ಎಕ್ಸ್ಟ್4 ಅದರ ನಕಲುಗಳನ್ನು ಡಿಸ್ಕಿನ ಹಲವೆಡೆ ಇಟ್ಟಿರುತ್ತದೆ. 4 ಕಿಲೋಬೈಟ್ ಅಳತೆಯ ಬ್ಲಾಕುಗಳಿರುವಲ್ಲಿ ಮೊದಲ ನಕಲು ಸಾಮಾನ್ಯವಾಗಿ 32768ನೆಯ ಬ್ಲಾಕಿನಲ್ಲಿದ್ದು, ಆ ಸಂಖ್ಯೆಯನ್ನು ಆದೇಶದಲ್ಲಿ ಸೂಚಿಸಿ ಮುಂದುವರಿಯಬಹುದು. ಇವೆಲ್ಲ ಎಕ್ಸ್ಟ್4ಕ್ಕೆ ಸಲ್ಲುವ ಮಾತುಗಳೆಂಬುದು ನೆನಪಿರಲಿ. ಫೆಡೋರಾ ಡೆಸ್ಕ್‌ಟಾಪ್ 2020ರಿಂದ ಬಳಸುತ್ತಿರುವ ಬಿಟಿಆರ್‌ಎಫ್‌ಎಸ್‌ನಲ್ಲಿ ದುರಸ್ತಿಯ ಆದೇಶ ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ.

ದುರಸ್ತಿ ಯಶಸ್ವಿಯಾದ ಮೇಲೆಯೂ ಡಿಸ್ಕನ್ನು ನಂಬಬಹುದೇ ಎಂಬುದನ್ನು ‘ಸ್ಮಾರ್ಟ್’ ಎಂಬ ಸ್ವಯಂವರದಿಯಿಂದ ತಿಳಿಯಬೇಕು. ಬಹುತೇಕ ಎಲ್ಲ ಹಾರ್ಡ್ ಡಿಸ್ಕುಗಳೂ ತಮ್ಮ ಸ್ಥಿತಿಯ ಲೆಕ್ಕವನ್ನು ತಾವೇ ಇಟ್ಟಿರುತ್ತವೆ, ‘ಸ್ಮಾರ್ಟ್‌ಸಿಟಿಎಲ್’ ಎಂಬ ಆದೇಶ ಅದನ್ನು ಓದಿಕೊಡುತ್ತದೆ. ಪಟ್ಟಿಯಲ್ಲಿ 5 ಎಂಬ ಗುರುತುಸಂಖ್ಯೆಯ ಸಾಲು ಕೆಟ್ಟು ಬದಲಾಯಿಸಲಾದ ಜಾಗಗಳನ್ನೂ, 197 ಸಂಖ್ಯೆಯದು ಓದಲಾಗದೆ ತೀರ್ಮಾನಕ್ಕೆ ಕಾದಿರುವ ಜಾಗಗಳನ್ನೂ ತೋರಿಸುತ್ತದೆ. ಇವೆರಡರ ಕೊನೆಯ ಅಂಕಣದಲ್ಲಿ ಸೊನ್ನೆಯಿಲ್ಲದೆ ಅಂಕಿ ದಿನೇದಿನೇ ಏರುತ್ತಿದ್ದರೆ ಡಿಸ್ಕ್ ಬದಲಿಸುವುದೇ ಸರಿ. 199 ಸಂಖ್ಯೆಯ ಸಾಲು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಸಾಗಣೆಯ ದೋಷಗಳನ್ನು ಎಣಿಸುತ್ತದೆ. ಅದೊಂದೇ ಏರಿದ್ದು ಉಳಿದವು ಸೊನ್ನೆಯಿದ್ದರೆ ಹೊಸ ಡಿಸ್ಕಿಗೆ ಹಣ ಸುರಿಯುವ ಮೊದಲು ಕೇಬಲ್ ಬದಲಿಸಿ ನೋಡಬೇಕು. ಕೇಬಲ್ ಬದಲಿಸಿದ ಮೇಲೂ ಆ ಅಂಕಿ ಸೊನ್ನೆಗೆ ಮರಳುವುದಿಲ್ಲ. ಅದು ಏರುವುದು ನಿಂತಿದೆಯೇ ಎಂಬುದನ್ನಷ್ಟೇ ಕೆಲವು ವಾರ ಗಮನಿಸಬೇಕು.